ಹನಿ ಕಣ್ಣಿಗೆ ಬಿತ್ತೇ?

(ಗ್ಲಾಕೋಮಾ ರೋಗಿಗಳ ಆರೈಕೆಯಲ್ಲಿರುವ ನರ್ಸ್‌ಗಳು, ಆಪ್ಟೊಮೆಟ್ರಿಸ್ಟ್‌ಗಳು, ಕಿರಿಯ ವೈದ್ಯರು ಮತ್ತು ರೋಗಿಗಳ ಮನೆಯವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಒಂದು ಬಾಟಲಿಯಿಂದ ಶುರು ಮಾಡುತ್ತೇನೆ. 1980ರ ದಶಕದಲ್ಲಿ ಅಮೆರಿಕದ ನೇತ್ರತಜ್ಞ ಮೈಕೇಲ್ ಕಾಸ್ ಮತ್ತು ಅವರ ಸಂಗಡಿಗರು ಕಣ್ಣಿಗೆ ಹಾಕುವ ಹನಿಯ ಬಾಟಲಿಗೆ ಒಂದು ಸಣ್ಣ ಎಲೆಕ್ಟ್ರಾನಿಕ್ ಸಾಧನ ಅಳವಡಿಸಿದರು. ಬಾಟಲಿ ಬಳಸಿದಾಗಲೆಲ್ಲ ದಿನ, ಹೊತ್ತು ಅದರಲ್ಲಿ ದಾಖಲಾಗುತ್ತಿತ್ತು. ಬಳಸುವವರ ಗಮನಕ್ಕೆ ಅದು ಬರುತ್ತಿರಲಿಲ್ಲ. ಅಂಥ ಬಾಟಲಿಯನ್ನು 184 ಮಂದಿ ಗ್ಲಾಕೋಮಾ ರೋಗಿಗಳಿಗೆ ಕೊಟ್ಟರು. ಗ್ಲಾಕೋಮಾ ಅಂದರೆ ಹೆಚ್ಚಾಗಿ ಕಣ್ಣೊಳಗಿನ ಒತ್ತಡದಿಂದ ದೃಷ್ಟಿನರ ನಿಧಾನವಾಗಿ ಹಾಳಾಗುವ ಕಾಯಿಲೆ. ಆ ಒತ್ತಡ ಇಳಿಸಲು ಹನಿ. ಔಷಧ ಪೈಲೋಕಾರ್ಪಿನ್, ದಿನಕ್ಕೆ ನಾಲ್ಕು ಸಲ. ಆಮೇಲೆ ಒಬ್ಬೊಬ್ಬರನ್ನೂ ವಿಚಾರಿಸಿದರು. ನೂರಕ್ಕೆ 97 ಸಲ ಹಾಕಿಕೊಂಡಿದ್ದೇವೆ ಎಂದರು ರೋಗಿಗಳು. 76 ಎಂದಿತು ಬಾಟಲಿ.

ಇದು ಪ್ರಕಟವಾದದ್ದು 1986ರಲ್ಲಿ. ಅದೇ ತಂಡ ಇನ್ನೊಂದು ಪ್ರಶ್ನೆಯನ್ನೂ ಕೇಳಿತ್ತು: ಯಾವ ರೋಗಿ ಹನಿ ತಪ್ಪಿಸುತ್ತಿದ್ದಾನೆ ಅಂತ ಅವರಿಗೆ ಚಿಕಿತ್ಸೆ ಕೊಡುವ ವೈದ್ಯರಿಗಾದರೂ ಗೊತ್ತಾಗುತ್ತದೆಯೇ? ಗೊತ್ತಾಗಲಿಲ್ಲ. ವರ್ಷಗಟ್ಟಲೆ ಆ ಕಣ್ಣುಗಳನ್ನು ನೋಡಿದವರ ಊಹೆಯೂ ನೆಲಕಚ್ಚಿತು. 97 ಮತ್ತು 76ರ ನಡುವೆ ಕಾಣೆಯಾದ ಆ 21 ಹನಿಗಳು ಎಲ್ಲಿ ಹೋಗುತ್ತವೆ ಎನ್ನುವುದೇ ಇವತ್ತಿನ ನನ್ನ ಮಾತು.

ದಿನಕ್ಕೆ ನಾಲ್ಕು ಸಲ ಅಂದರೆ ಯಾರಿಗಾದರೂ ತಪ್ಪುತ್ತದೆ, ಈಗ ಕಾಲ ಬದಲಾಗಿದೆ ಅಂತ ನೀವು ಹೇಳಬಹುದು. ಸರಿ, 2009ರ ಅಧ್ಯಯನವೊಂದನ್ನು ನೋಡಿ. 196 ರೋಗಿಗಳು. ದಿನಕ್ಕೆ ಒಂದೇ ಸಲ ಹಾಕುವ ಹನಿ. ಔಷಧ ಉಚಿತ. ಹನಿ ಹಾಕುವ ಸಾಧನ ಎಲ್ಲವನ್ನೂ ದಾಖಲಿಸುತ್ತದೆ ಅಂತ ಮೊದಲೇ ತಿಳಿಸಿ ಕೊಟ್ಟದ್ದು. ಮೂರು ತಿಂಗಳ ನಂತರ ಲೆಕ್ಕ ತೆಗೆದರೆ ಹತ್ತಿರ ಹತ್ತಿರ 45% ಮಂದಿ ಮುಕ್ಕಾಲು ಪಾಲಿಗಿಂತ ಕಡಿಮೆ ಹಾಕಿಕೊಂಡಿದ್ದರು. ಖರ್ಚಿಲ್ಲ, ಗೋಜಲಿಲ್ಲ, ಯಾರೋ ನೋಡುತ್ತಿದ್ದಾರೆ ಎಂಬ ಅರಿವೂ ಇದೆ. ಆದರೂ ತಪ್ಪಿತು. ಇಷ್ಟು ಜನಕ್ಕೆ ತಪ್ಪುತ್ತದೆ ಅಂದ ಮೇಲೆ ಕಾರಣವನ್ನು ಒಬ್ಬ ರೋಗಿಯ ಸ್ವಭಾವದಲ್ಲಿ ಹುಡುಕುವುದು ಅನ್ಯಾಯ.

‘ಪಥ್ಯ ಮುರಿದ’ ಅನ್ನುತ್ತೇವೆ. ನಮ್ಮ ಮಾತಿನಲ್ಲಿ ಮುರಿಯುವವನು ಯಾವಾಗಲೂ ರೋಗಿಯೇ. ಪಥ್ಯ ತಾನಾಗಿ ಮುರಿದುಬೀಳುವಷ್ಟು ಪೆಡಸಾಗಿತ್ತೇ, ಅದನ್ನು ಹೇಳಿಕೊಟ್ಟವರು ಸರಿಯಾಗಿ ಹೇಳಿಕೊಟ್ಟರೇ ಅಂತ ಆ ಮಾತು ಕೇಳುವುದಿಲ್ಲ. ನಾನೂ ಬಹಳ ವರ್ಷ ಕೇಳಿರಲಿಲ್ಲ.

ಕೇಳುವಂತೆ ಮಾಡಿದವರು ಒಬ್ಬ ನಿವೃತ್ತ ಮೇಷ್ಟ್ರು. ಎರಡೂ ಕಣ್ಣಿನಲ್ಲಿ ಗ್ಲಾಕೋಮಾ, ಕಣ್ಣೊಳಗಿನ ಒತ್ತಡ 27ರ ಆಸುಪಾಸು. ಸಾಮಾನ್ಯವಾಗಿ ಅದು ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್ ಒಳಗೆ ಇರುತ್ತದೆ ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ರಾತ್ರಿ ಒಂದು ಹನಿ ಬರೆದುಕೊಟ್ಟೆ. ಒತ್ತಡ ಇಳಿಯಲಿಲ್ಲ. ಎರಡನೆಯ ಔಷಧ ಸೇರಿಸಿದೆ. ಇಳಿಯಲಿಲ್ಲ. ಮೂರನೆಯದನ್ನು ಸೇರಿಸಿದೆ. ಪ್ರತಿ ಭೇಟಿಯಲ್ಲೂ ಅವರು ಒಂದು ಪುಸ್ತಕ ತರುತ್ತಿದ್ದರು. ಗೆರೆ ಎಳೆದು, ದಿನಾಂಕ ಬರೆದು, ಪ್ರತಿ ಹನಿಗೂ ಒಂದು ಟಿಕ್ ಹಾಕಿರುತ್ತಿದ್ದರು. ಒಂದು ದಿನವೂ ಖಾಲಿಯಿಲ್ಲ. ಔಷಧ ಈ ಕಣ್ಣಿಗೆ ನಾಟುತ್ತಿಲ್ಲ ಅಂತ ತೀರ್ಮಾನಿಸಿ ಶಸ್ತ್ರಚಿಕಿತ್ಸೆಗೆ ದಾಖಲು ಮಾಡಿಕೊಂಡೆ. ವಾರ್ಡಿನಲ್ಲಿ ಅದೇ ಹನಿಗಳನ್ನು ನರ್ಸ್ ಹಾಕಿದರು. ಎರಡನೆಯ ಬೆಳಿಗ್ಗೆ ಒತ್ತಡ 17.

ಆ ನರ್ಸ್ ನನ್ನ ಬಳಿ ಬಂದು ಕೇಳಿದ್ದು ಒಂದೇ ಮಾತು: ‘ಅವರ ಕೈ ನೋಡಿದ್ದೀರಾ ಡಾಕ್ಟ್ರೇ?’

ನಾನು ಕಣ್ಣು ನೋಡಿದ್ದೆ, ಕೈ ನೋಡಿರಲಿಲ್ಲ. ಸಂಧಿವಾತದಿಂದ ಬೆರಳುಗಳ ಗಿಣ್ಣು ಊದಿಕೊಂಡು ಸೊಟ್ಟಗಾಗಿದ್ದವು. ಬಾಟಲಿ ಹಿಂಡಲು ಎರಡೂ ಕೈ ಬೇಕು, ಆಗ ರೆಪ್ಪೆ ಎಳೆದು ಹಿಡಿಯಲು ಕೈ ಉಳಿಯುವುದಿಲ್ಲ. ಕತ್ತು ಹಿಂದಕ್ಕೆ ಬಾಗುವುದಿಲ್ಲ. ನನ್ನೆದುರು ಹಾಕಿಕೊಳ್ಳಿ ಎಂದಾಗ ಮೊದಲ ಹನಿ ಕೆನ್ನೆಗೆ, ಎರಡನೆಯದು ರೆಪ್ಪೆಯ ಕೂದಲಿಗೆ ಬಿತ್ತು. ‘ತಂಪಾಯಿತು, ಬಿತ್ತು’ ಅಂದರು ಅವರು. ಆ ಪುಸ್ತಕದಲ್ಲಿ ಒಂದೂ ಸುಳ್ಳು ಟಿಕ್ ಇರಲಿಲ್ಲ. ಶಸ್ತ್ರಚಿಕಿತ್ಸೆ ಮುಂದಕ್ಕೆ ಹಾಕಿದೆವು. ಅವರ ಹೆಂಡತಿಗೆ ಹನಿ ಹಾಕುವುದನ್ನು ಕಲಿಸಿದೆವು. ಮೂರು ಔಷಧದಲ್ಲಿ ಎರಡನ್ನು ಆಮೇಲೆ ನಿಲ್ಲಿಸಲು ಸಾಧ್ಯವಾಯಿತು. ನಾನು ಆ ಎರಡನ್ನು ಕೊಟ್ಟದ್ದು ಅವರ ಕಣ್ಣಿನ ಕಾಯಿಲೆಗೆ ಅಂದುಕೊಂಡಿದ್ದೆ. ನಿಜವಾಗಿ ಕೊಟ್ಟದ್ದು ಅವರ ಬೆರಳ ಗಿಣ್ಣಿಗೆ.

ಈಗ ಕಾಯಿಲೆಯ ಸ್ವಭಾವಕ್ಕೆ ಬರೋಣ. ಹನಿ ತಪ್ಪಲು ಅರ್ಧ ಕಾರಣ ಇಲ್ಲಿದೆ. ಎಲ್ಲರೂ ಎಡಗಣ್ಣು ಮುಚ್ಚಿ. ಎರಡೂ ತೋಳು ಮುಂದಕ್ಕೆ ಚಾಚಿ, ಹೆಬ್ಬೆರಳುಗಳನ್ನು ಮೇಲೆತ್ತಿ ಒಂದಕ್ಕೊಂದು ತಾಗಿಸಿ ಹಿಡಿಯಿರಿ. ಬಲಗಣ್ಣಿನ ದೃಷ್ಟಿ ಎಡ ಹೆಬ್ಬೆರಳ ಮೇಲೆಯೇ ಇರಲಿ. ಈಗ ಬಲ ಹೆಬ್ಬೆರಳನ್ನು ನಿಧಾನವಾಗಿ ಬಲಕ್ಕೆ ಸರಿಸಿ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಸರಿದಾಗ ಬೆರಳ ತುದಿ ಮಾಯವಾಗುತ್ತದೆ. ಸಿಕ್ಕಿತೇ? ಅಲ್ಲಿ ಕಪ್ಪು ತೂತು ಕಂಡಿತೇ? ಇಲ್ಲ. ಹಿಂದಿನ ಗೋಡೆಯೇ ಅಲ್ಲಿಯೂ ಮುಂದುವರಿದಂತೆ ಕಂಡಿತು. ದೃಷ್ಟಿನರ ಕಣ್ಣಿನಿಂದ ಹೊರಹೋಗುವ ಜಾಗ ಅದು. ಅಲ್ಲಿ ನಮಗೆಲ್ಲ ಹುಟ್ಟಿದಂದಿನಿಂದ ಏನೂ ಕಾಣುವುದಿಲ್ಲ. ಮಿದುಳು ಸುತ್ತಲಿನ ದೃಶ್ಯದಿಂದ ಅದಕ್ಕೆ ತೇಪೆ ಹಾಕಿಬಿಡುತ್ತದೆ.

ಗ್ಲಾಕೋಮಾದಲ್ಲಿ ಇಂಥ ಜಾಗಗಳು ಹೆಚ್ಚುತ್ತ ಹೋಗುತ್ತವೆ. ದೃಷ್ಟಿನರದಲ್ಲಿ ಸುಮಾರು 12 ಲಕ್ಷ ಎಳೆಗಳಿವೆ. ಒಂದೊಂದೇ ಸಾಯುತ್ತವೆ, ಸತ್ತದ್ದು ಮತ್ತೆ ಚಿಗುರುವುದಿಲ್ಲ. ಹೆಚ್ಚಿನವರಲ್ಲಿ ನೋವಿಲ್ಲ, ಕೆಂಪಿಲ್ಲ. ಒಂದು ಕಣ್ಣು ಕಳೆದುಕೊಂಡದ್ದನ್ನು ಇನ್ನೊಂದು ಕಣ್ಣು ಮುಚ್ಚಿಡುತ್ತದೆ, ಎರಡೂ ಕಳೆದುಕೊಂಡದ್ದನ್ನು ಮಿದುಳು ಮುಚ್ಚಿಡುತ್ತದೆ. ನಡುವಿನ ದೃಷ್ಟಿ ಕೊನೆಯವರೆಗೂ ಚೆನ್ನಾಗಿರುವುದರಿಂದ ಅಕ್ಷರ ಓದಬಹುದು, ಸೂಜಿಗೆ ದಾರ ಪೋಣಿಸಬಹುದು. ಮೆಟ್ಟಿಲು ತಪ್ಪಿದಾಗ, ಬಾಗಿಲಿಗೆ ಭುಜ ತಾಗಿದಾಗ ಅವಸರವೆಂದೋ ವಯಸ್ಸಾಯಿತೆಂದೋ ಅಂದುಕೊಳ್ಳುತ್ತಾರೆ.

ಈ ಮನುಷ್ಯನ ಕೈಗೆ ನಾವು ಬಾಟಲಿ ಕೊಡುತ್ತೇವೆ. ಹಲ್ಲುನೋವಿನ ಮಾತ್ರೆ ನುಂಗಿದವನಿಗೆ ಅರ್ಧ ಗಂಟೆಯಲ್ಲಿ ಪ್ರತಿಫಲ ಸಿಗುತ್ತದೆ. ಈ ಹನಿ ಹಾಕಿದವನಿಗೆ ಸಿಗುವುದು ಉರಿ, ಕೆಂಪು, ಒಂದು ಕ್ಷಣದ ಮಂಜು. ಹಾಕಿದ ದಿನ ದೃಷ್ಟಿ ಹೆಚ್ಚುವುದಿಲ್ಲ, ಬಿಟ್ಟ ದಿನ ಕಡಿಮೆಯಾಗುವುದಿಲ್ಲ. ‘ಇಷ್ಟು ದಿನ ಹಾಕಿದೆ, ಕಣ್ಣು ಸುಧಾರಿಸಲಿಲ್ಲ, ಅದಕ್ಕೇ ಬಿಟ್ಟೆ’ ಅಂತ ಹೇಳಿದವರು ಎಷ್ಟೋ ಜನ. ಅವರ ತರ್ಕದಲ್ಲಿ ತಪ್ಪಿಲ್ಲ. ಹನಿಯ ಕೆಲಸ ಇದ್ದದ್ದನ್ನು ಕಾಯುವುದು, ಹೋದದ್ದನ್ನು ತರುವುದಲ್ಲ ಅಂತ ಮೊದಲ ದಿನವೇ ನಾವು ಹೇಳಲಿಲ್ಲ ಅಷ್ಟೆ. ಹೇಳಿದರೂ ಗ್ಲಾಕೋಮಾ ಎಂಬ ಹೆಸರು ಕೇಳಿದ ಗಾಬರಿಯಲ್ಲಿ ಆ ಮಾತು ಕಿವಿಗೆ ಬೀಳುವುದಿಲ್ಲ. ಎರಡನೆಯ ಭೇಟಿಯಲ್ಲಿ ಮತ್ತೆ ಹೇಳಬೇಕು, ಮೂರನೆಯದರಲ್ಲೂ ಹೇಳಬೇಕು.

ಕಾಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇದೆ. ಸ್ವೀಡನ್ನಿನಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2003ರಲ್ಲಿ ಬಂತು: ಒತ್ತಡ 1 ಮಿಲಿಮೀಟರ್ ಇಳಿದರೆ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು 10% ಇಳಿಯುತ್ತದೆ. ಅದಕ್ಕೂ ಒಂದು ವರ್ಷ ಮೊದಲು, ನಾನು ಆಗ ಹೇಳಿದ ಮೈಕೇಲ್ ಕಾಸ್ ಅವರೇ ಮುಂದಾಳಾಗಿದ್ದ ಇನ್ನೊಂದು ಅಧ್ಯಯನ ಬಂದಿತ್ತು. ಒತ್ತಡ ಹೆಚ್ಚಿದ್ದು ಇನ್ನೂ ನರಕ್ಕೆ ಹಾನಿಯಾಗದವರಲ್ಲಿ, ಹನಿ ಹಾಕದೆ ಬಿಟ್ಟವರ ಪೈಕಿ 5 ವರ್ಷದಲ್ಲಿ 9.5% ಜನಕ್ಕೆ ಗ್ಲಾಕೋಮಾ ಬಂತು, ಹಾಕಿದವರಲ್ಲಿ 4.4%. ಆದರೆ ರೋಗಿಗಳಿಗೆ ನಾನು ಹೆಚ್ಚಾಗಿ ಹೇಳುವುದು 2020ರ ಒಂದು ವಿಶ್ಲೇಷಣೆ. ಪ್ರತಿ ಭೇಟಿಯಲ್ಲೂ ‘ಹನಿ ತಪ್ಪಿತೇ’ ಅಂತ ಕೇಳಿ, ಸರಾಸರಿ 7 ವರ್ಷ ಹಿಂಬಾಲಿಸಿದ ರೋಗಿಗಳು. ಒಮ್ಮೆಯೂ ತಪ್ಪಿಲ್ಲ ಎಂದವರು ಕಳೆದುಕೊಂಡ ದೃಷ್ಟಿ ಕ್ಷೇತ್ರ, ಅಂದರೆ ಕಣ್ಣಿಗೆ ಕಾಣುವ ಹರವು, ಸರಾಸರಿ 0.62 ಡೆಸಿಬೆಲ್ (ದೃಷ್ಟಿ ಕ್ಷೇತ್ರ ಪರೀಕ್ಷೆಯ ಅಳತೆ ಇದು), ವಯಸ್ಸಾದಂತೆ ಎಲ್ಲರೂ ಕಳೆದುಕೊಳ್ಳುವಷ್ಟು. ಮೂರರಲ್ಲಿ ಎರಡು ಭೇಟಿಯಲ್ಲಿ ‘ತಪ್ಪಿದೆ’ ಎಂದವರು ಕಳೆದುಕೊಂಡದ್ದು 2.23. ಗ್ಲಾಕೋಮಾ ಬಂದ ಮೇಲೂ ಕಣ್ಣು ವಯಸ್ಸಿನ ವೇಗದಲ್ಲಷ್ಟೇ ಮುಪ್ಪಾಗಬಹುದು. ಇದಕ್ಕಿಂತ ದೊಡ್ಡ ಸಮಾಧಾನ ನನ್ನ ಬಳಿ ಇಲ್ಲ. ನಾನು ಇದನ್ನು ಹೆದರಿಸಲು ಬಳಸುವುದಿಲ್ಲ. ಹೆದರಿದವರು ಆಸ್ಪತ್ರೆಗೆ ಬರುವುದನ್ನೇ ಬಿಟ್ಟುಬಿಡುತ್ತಾರೆ.

ಈಗ ಪ್ರಶ್ನೆ ಕೇಳುವ ಬಗೆ. ಒಪಿಡಿಯಲ್ಲಿ ನಾವು ಹೇಗೆ ಕೇಳುತ್ತೇವೆ? ‘ಡ್ರಾಪ್ಸ್ ತಪ್ಪದೆ ಹಾಕ್ತಿದ್ದೀರಿ ತಾನೇ?’ ಆ ‘ತಾನೇ’ಯಲ್ಲಿ ಉತ್ತರ ಆಗಲೇ ಕೂತಿದೆ. ‘ಹೂಂ’ ಅನ್ನದೆ ರೋಗಿಗೆ ಬೇರೆ ದಾರಿಯಿಲ್ಲ. ‘ಅಲ್ವಾ’ ಅಂದರೂ ಅಷ್ಟೇ. ನಮ್ಮ ಭಾಷೆಯ ಈ ಪುಟ್ಟ ಬಾಲಗಳು ಮನೆಮಾತಿನಲ್ಲಿ ಆಪ್ತವಾಗಿರಬಹುದು, ತಪಾಸಣೆಯ ಕೋಣೆಯಲ್ಲಿ ಅವು ಬಾಯಿ ಮುಚ್ಚಿಸುತ್ತವೆ.

ನಾನು ಈಗ ಹೀಗೆ ಕೇಳುತ್ತೇನೆ: ‘ದಿನಾ ಹನಿ ಹಾಕೋದು ಸುಲಭದ ಕೆಲಸ ಅಲ್ಲ. ಎಲ್ಲರಿಗೂ ಒಂದಲ್ಲ ಒಂದು ದಿನ ತಪ್ಪತ್ತೆ. ಕಳೆದ ಏಳು ದಿನದಲ್ಲಿ ನಿಮಗೆ ಎಷ್ಟು ಸಲ ತಪ್ಪಿತು?’ ಗಮನಿಸಿ, ತಪ್ಪಿತೇ ಎಂದಲ್ಲ, ಎಷ್ಟು ಸಲ ತಪ್ಪಿತು. ಅದಾದ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಕಿರಿಯ ವೈದ್ಯರಿಗೆ ಅತ್ಯಂತ ಕಷ್ಟದ ಭಾಗ ಇದೇ, ಆ ಐದಾರು ಸೆಕೆಂಡಿನ ಮೌನ. ಮೌನದ ನಂತರ ಬರುವ ಉತ್ತರ ಬಹಳ ಸಲ ‘ಎರಡು... ಮೂರು ಇರಬಹುದು’. ಆಗ ನಿಮ್ಮ ಮುಖ ಬದಲಾಗಕೂಡದು. ‘ಹೇಳಿದ್ದು ಒಳ್ಳೆಯದಾಯಿತು. ಆ ದಿನಗಳಲ್ಲಿ ಏನಾಯಿತು?’ ಅಂತ ಕೇಳಿ. ಕಾರಣ ಆಗ ಹೊರಬರುತ್ತದೆ: ಬಾಟಲಿ ಮುಗಿದಿತ್ತು, ಪ್ರಯಾಣದಲ್ಲಿದ್ದೆ, ರಾತ್ರಿ ಪಾಳಿ ಇತ್ತು, ಮಲಗಿದ ಮೇಲೆ ಎದ್ದು ಹೋಗಲು ಮನಸ್ಸಾಗಲಿಲ್ಲ. ಒಂದೊಂದಕ್ಕೂ ಪರಿಹಾರ ಬೇರೆ. ಕಾರಣ ಗೊತ್ತಿಲ್ಲದೆ ಕೊಡುವ ಉಪದೇಶ ಒಂದಕ್ಕೂ ನಾಟುವುದಿಲ್ಲ.

ತಪಾಸಣೆಯ ದಿನ ಅಳೆದ ಒತ್ತಡವನ್ನು ಪೂರ್ತಿ ನಂಬಬೇಡಿ. ಭೇಟಿಯ ಹಿಂದುಮುಂದಿನ ದಿನಗಳಲ್ಲಿ ಎಲ್ಲರೂ ಶಿಸ್ತಾಗಿ ಔಷಧ ತೆಗೆದುಕೊಳ್ಳುತ್ತಾರೆ, ನಡುವಿನ ವಾರಗಳಲ್ಲಿ ಕೈ ಸಡಿಲವಾಗುತ್ತದೆ. ಬೇರೆ ಕಾಯಿಲೆಗಳಲ್ಲೂ ಇದನ್ನು ಅಳೆದು ನೋಡಿದ್ದಾರೆ. ಹಿಂದಿನ ರಾತ್ರಿ ಹಾಕಿದ ಹನಿ ಬೆಳಿಗ್ಗೆ ಒತ್ತಡ ಇಳಿಸಿ ತೋರಿಸುತ್ತದೆ. ಒತ್ತಡ ಚೆನ್ನಾಗಿದ್ದೂ ದೃಷ್ಟಿ ಕ್ಷೇತ್ರ ಪರೀಕ್ಷೆಯಲ್ಲಿ ಹದಗೆಡುತ್ತಿದ್ದರೆ, ಔಷಧ ಹೆಚ್ಚಿಸುವ ಮೊದಲು ಆ ನಡುವಿನ ವಾರಗಳ ಬಗ್ಗೆ ಕೇಳಿ.

ಕೇಳಿದ ಮೇಲೆ ನೋಡಬೇಕು. ಪ್ರತಿ ರೋಗಿಯೂ ವರ್ಷಕ್ಕೊಮ್ಮೆಯಾದರೂ ನಮ್ಮೆದುರು ಹನಿ ಹಾಕಿಕೊಂಡು ತೋರಿಸಬೇಕು ಅನ್ನುವುದು ನನ್ನ ಹಟ. ಹತ್ತು ವರ್ಷದಿಂದ ಹಾಕಿಕೊಳ್ಳುತ್ತಿದ್ದೇನೆ ಎನ್ನುವವರನ್ನೂ ಬಿಡಬೇಡಿ. ಹತ್ತು ವರ್ಷದ ಹಿಂದೆ ನೆಟ್ಟಗಿದ್ದ ಕೈ ಈಗ ನಡುಗುತ್ತಿರಬಹುದು.

ಸಾಧ್ಯವಾದರೆ ಮಲಗಿಕೊಂಡು ಹಾಕಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಕೂತು ತಲೆ ಹಿಂದಕ್ಕೆ ಆನಿಸಬೇಕು. ಕೈ ತೊಳೆದು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದರೆ ಒಂದು ಪುಟ್ಟ ಚೀಲದಂತೆ ಆಗುತ್ತದೆ. ಎಳೆದ ಕೈಯ ಗಿಣ್ಣಿನ ಮೇಲೆ ಬಾಟಲಿ ಹಿಡಿದ ಕೈಯನ್ನು ಊರಿದರೆ ನಡುಕ ಅರ್ಧಕ್ಕೆ ನಿಲ್ಲುತ್ತದೆ. ಮೇಲೆ ನೋಡುತ್ತ ಆ ಚೀಲಕ್ಕೆ ಒಂದು ಹನಿ. ಬಾಟಲಿಯ ತುದಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗಬಾರದು. ತಾಗಿದರೆ ಒಳಗಿನ ಔಷಧಕ್ಕೆ ಸೋಂಕು ಸೇರುತ್ತದೆ. ಹಾಕಿದ ಮೇಲೆ ಪಟಪಟ ರೆಪ್ಪೆ ಬಡಿಯುವುದು ಬೇಡ, ಹಿಂಡಿ ಮುಚ್ಚುವುದೂ ಬೇಡ. ನಿದ್ದೆ ಬಂದವರ ಹಾಗೆ ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಬೇಕು. ಕಣ್ಣೀರು ಮೂಗಿಗೆ ಇಳಿಯುವ ಕಾಲುವೆ ಅಲ್ಲಿದೆ. ಅದನ್ನು ಮುಚ್ಚಿದರೆ ಔಷಧ ಕಣ್ಣಿನಲ್ಲೇ ಉಳಿಯುತ್ತದೆ, ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾಗುತ್ತದೆ.

ಒಂದೇ ಹನಿ ಸಾಕೇ ಅಂತ ಕೇಳುತ್ತಾರೆ. ಕಣ್ಣಿನ ಚೀಲ ಹಿಡಿಯುವುದು ಹೆಚ್ಚೆಂದರೆ 30 ಮೈಕ್ರೊಲೀಟರ್. ಬಾಟಲಿಯ ಒಂದು ಹನಿಯೇ ಬಹಳ ಸಲ ಅದಕ್ಕಿಂತ ದೊಡ್ಡದು. ಎರಡನೆಯದು ಪೂರ್ತಿ ಕೆನ್ನೆಗೆ. ಎರಡು ಬೇರೆ ಔಷಧಗಳಿದ್ದರೆ ನಡುವೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ. ಇದರಲ್ಲಿ ಇನ್ನೊಂದು ಲೆಕ್ಕವೂ ಇದೆ. ಲ್ಯಾಟಾನೊಪ್ರಾಸ್ಟ್‌ನ 2.5 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 80 ಹನಿ. ಎರಡು ಕಣ್ಣಿಗೆ ದಿನಕ್ಕೊಂದರಂತೆ 40 ದಿನ ಬರಬೇಕು. ಕಣ್ಣಿಗೆ ಒಂದು ಬೀಳಲು ಎರಡು ಹಾಳಾಗುವವರಿಗೆ ಎರಡು ವಾರಕ್ಕೇ ಮುಗಿಯುತ್ತದೆ. ಮುಂದಿನ ಬಾಟಲಿ ಬರುವವರೆಗೆ ಹನಿಯಿಲ್ಲ. ಬಾಟಲಿ ಬೇಗ ಮುಗಿಯಿತು ಎನ್ನುವ ರೋಗಿ ನಮಗೆ ದೊಡ್ಡ ಸುಳಿವು ಕೊಡುತ್ತಿದ್ದಾರೆ. ಎರಡು ತಿಂಗಳಾದರೂ ಮುಗಿಯಲೇ ಇಲ್ಲ ಎನ್ನುವವರೂ ಅಷ್ಟೇ.

ಒಂಟಿಯಾಗಿರುವವರಿಗೆ, ಕಣ್ಣು ತೆರೆದು ಹಾಕಲು ಹೆದರುವವರಿಗೆ ಇನ್ನೊಂದು ದಾರಿ: ಅಂಗಾತ ಮಲಗಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಗೆ ಹನಿ ಬಿಟ್ಟು, ಆಮೇಲೆ ಕಣ್ಣು ತೆರೆಯುವುದು. ಬಾಟಲಿ ಹಿಂಡಲು, ಗುರಿ ಹಿಡಿಯಲು ನೆರವಾಗುವ ಸಣ್ಣ ಪ್ಲಾಸ್ಟಿಕ್ ಸಾಧನಗಳೂ ಇವೆ. ಮೇಷ್ಟ್ರ ಕಾಲದಲ್ಲಿ ನಾನು ಅವನ್ನು ವಿಚಾರಿಸಿರಲೂ ಇಲ್ಲ.

ಅಡ್ಡಪರಿಣಾಮಗಳ ಬಗ್ಗೆ ಚುಟುಕಾಗಿ. ಲ್ಯಾಟಾನೊಪ್ರಾಸ್ಟ್‌ನಂಥ ಪ್ರಾಸ್ಟಗ್ಲಾಂಡಿನ್ ಹನಿಗಳಿಂದ ಕಣ್ಣು ಕೆಂಪಾಗಬಹುದು, ರೆಪ್ಪೆಯ ಕೂದಲು ಉದ್ದವಾಗಬಹುದು, ಸುತ್ತಲಿನ ಚರ್ಮ ಕಪ್ಪಾಗಬಹುದು. ಒಂದೇ ಕಣ್ಣಿಗೆ ಹಾಕುವವರಿಗೆ ಎರಡು ಕಣ್ಣು ಬೇರೆ ಬೇರೆಯಾಗಿ ಕಾಣುವ ಸಂಕೋಚ ಸಣ್ಣದಲ್ಲ. ಒಬ್ಬ ಹುಡುಗಿ ಮದುವೆ ನಿಶ್ಚಯವಾದ ಮೇಲೆ ಅದಕ್ಕಾಗಿಯೇ ಹನಿ ಬಿಟ್ಟಿದ್ದಳು. ಹೇಳಿದ್ದು ಎಂಟು ತಿಂಗಳ ನಂತರ. ಟಿಮೊಲಾಲ್ ಎಂಬ ಇನ್ನೊಂದು ಹನಿ ಉಬ್ಬಸ ಇರುವವರಿಗೆ, ಹೃದಯದ ಬಡಿತ ನಿಧಾನ ಇರುವವರಿಗೆ ಅಪಾಯಕಾರಿ. ಕಣ್ಣಿನ ಹನಿಯಿಂದ ಉಸಿರು ಕಟ್ಟಬಹುದು ಅಂತ ರೋಗಿಗೆ ತೋಚುವುದೇ ಇಲ್ಲ, ಆದ್ದರಿಂದ ನಾವೇ ಮೊದಲು ಕೇಳಬೇಕು. ಉರಿ ತಾಳಲಾರದವರಿಗೆ ಸಂರಕ್ಷಕ ಇಲ್ಲದ ಹನಿಗಳಿವೆ. ‘ತೊಂದರೆಯಾದರೆ ಸುಮ್ಮನೆ ಬಿಡಬೇಡಿ, ನಮಗೆ ತಿಳಿಸಿ, ಬೇರೆ ಔಷಧ ಇದೆ’ ಅನ್ನುವ ಮಾತು ಮೊದಲ ಚೀಟಿಯ ಜೊತೆಗೇ ಹೋಗಬೇಕು.

ನೆನಪಿನ ವಿಷಯ. ಫೋನ್ ಅಲಾರಂ, ಸಂದೇಶ ಇವೆಲ್ಲ ಉಪಯೋಗಕ್ಕೆ ಬರುತ್ತವೆ. 2014ರ ಒಂದು ಪ್ರಯೋಗದಲ್ಲಿ ತಾನಾಗಿ ಬರುವ ಜ್ಞಾಪನೆ ಕರೆ, ಸಂದೇಶಗಳಿಂದ ಹನಿ ಹಾಕುವ ಪ್ರಮಾಣ 53%ರಿಂದ 64%ಕ್ಕೆ ಏರಿತು. ಏರಿತು, ನೂರಾಗಲಿಲ್ಲ. ಮರೆವು ಒಂದು ಕಾರಣ ಮಾತ್ರ. ದಿನವೂ ತಪ್ಪದ ಕೆಲಸವೊಂದಕ್ಕೆ ಹನಿಯನ್ನು ಗಂಟುಹಾಕುವುದು ನನ್ನ ಅನುಭವದಲ್ಲಿ ಹೆಚ್ಚು ಬಾಳುತ್ತದೆ: ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಬಾಟಲಿ. ರಾತ್ರಿ ಹಾಕಲು ಆಗುವುದೇ ಇಲ್ಲ ಎನ್ನುವವರಿಗೆ ಬೆಳಗಿನ ಹೊತ್ತು ಕೊಡಬಹುದೇ ಅಂತ ವೈದ್ಯರು ಯೋಚಿಸಬೇಕು. ರಾತ್ರಿಯ ತಪ್ಪಿದ ಹನಿಗಿಂತ ಬೆಳಗಿನ ಬಿದ್ದ ಹನಿ ಮೇಲು. ಎರಡು ಬಾಟಲಿಯ ಬದಲು ಎರಡು ಔಷಧ ಸೇರಿದ ಒಂದು ಬಾಟಲಿ ಸಿಕ್ಕರೆ ಅದನ್ನೇ ಬರೆಯಿರಿ.

ಹನಿ ಹಾಕಲು ಆಗುವುದಿಲ್ಲ ಅಂತ ಒಪ್ಪಿಕೊಳ್ಳಲೂ ಒಂದು ದಾರಿ ಇರಬೇಕು. ಬ್ರಿಟನ್ನಿನ ‘ಲೈಟ್’ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಹನಿಯ ಬದಲು ಲೇಸರ್‌ನಿಂದಲೇ ಚಿಕಿತ್ಸೆ ಶುರು ಮಾಡಿದವರಲ್ಲಿ 74% ಮಂದಿ ಮೂರು ವರ್ಷದ ನಂತರವೂ ಹನಿಯಿಲ್ಲದೆ ಒತ್ತಡದ ಗುರಿಯೊಳಗೆ ಇದ್ದರು. ಕಣ್ಣಿನೊಳಗೇ ಇಟ್ಟು ತಿಂಗಳುಗಟ್ಟಲೆ ಔಷಧ ಬಿಡುವ ಕಣಗಳಿಗೂ ಅಮೆರಿಕದಲ್ಲಿ 2020ರಿಂದೀಚೆಗೆ ಅನುಮತಿ ಸಿಕ್ಕಿದೆ. ‘ನನ್ನ ಕೈಲಾಗದು’ ಅನ್ನುವ ರೋಗಿಯನ್ನು ಮೊಂಡ ಎನ್ನಬೇಡಿ. ಚಿಕಿತ್ಸೆಯ ಆಯ್ಕೆಗೆ ಬೇಕಾದ ಮುಖ್ಯ ಮಾಹಿತಿಯನ್ನೇ ಅವರು ಕೊಟ್ಟಿದ್ದಾರೆ.

ಮನೆಯವರಿಗೆ ಒಂದು ಮಾತು. ‘ಹಾಕಿದ್ಯಾ? ಹಾಕಿದ್ಯಾ?’ ಅಂತ ದಿನವೂ ಕೇಳುವುದರಿಂದ ಬೇಗನೆ ಬರುವುದು ‘ಹಾಕಿದೆ’ ಎಂಬ ಉತ್ತರ, ಹನಿಯಲ್ಲ. ಅದರ ಬದಲು ‘ಬಾ, ನಾನು ಹಾಕ್ತೀನಿ’ ಅನ್ನಿ. ಐದು ನಿಮಿಷ ಜೊತೆಗೆ ಕೂರಿ. ಮತ್ತೆ, ಅಪ್ಪ ಅಮ್ಮನಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದರೆ ನಿಮಗೂ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಅವರನ್ನು ತಪಾಸಣೆಗೆ ಕರೆದುಕೊಂಡು ಬಂದ ದಿನ ನಿಮ್ಮ ಕಣ್ಣಿನ ಒತ್ತಡವನ್ನೂ ನರವನ್ನೂ ನೋಡಿಸಿಕೊಂಡು ಹೋಗಿ.

ಇನ್ನು ನಿಮ್ಮ ಕೆಲಸ. ಪ್ರತಿ ಕುರ್ಚಿಯ ಮೇಲೆ ಒಂದು ಸಲ ಬಳಸಿ ಎಸೆಯುವ ಕೃತಕ ಕಣ್ಣೀರಿನ ಪುಟ್ಟ ಕೊಳವೆ ಇಟ್ಟಿದ್ದೇವೆ. ಔಷಧ ಏನೂ ಇಲ್ಲ ಅದರಲ್ಲಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿರುವವರು, ಕಣ್ಣಿಗೆ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಬೇಡ, ನೀವು ಎಣಿಸುವವರಾಗಿ. ಉಳಿದವರು ಕೈಗೆ ಸ್ಯಾನಿಟೈಸರ್ ಹಚ್ಚಿ ಒಣಗಿಸಿಕೊಂಡು, ನಿಮ್ಮ ನಿಮ್ಮ ಕಣ್ಣಿಗೆ ನೀವೇ ಒಂದು ಹನಿ ಹಾಕಿಕೊಳ್ಳಿ. ಎಷ್ಟು ಹನಿ ಕೊಳವೆಯಿಂದ ಹೊರಬಂತು, ಅದರಲ್ಲಿ ಎಷ್ಟು ಕಣ್ಣೊಳಗೆ ಬಿತ್ತು, ತುದಿ ಎಲ್ಲಾದರೂ ತಾಗಿತೇ, ಮೂರನ್ನೂ ಪಕ್ಕದವರು ಬರೆದುಕೊಳ್ಳಲಿ. ಕನ್ನಡಕ ಇರುವವರು ಅದನ್ನು ತೆಗೆದಿಡಿ. ನಿಮ್ಮ ರೋಗಿಯೂ ಕನ್ನಡಕವಿಲ್ಲದೆಯೇ ಆ ತುದಿಯನ್ನು ಹುಡುಕಬೇಕು.